ಬಾನೆಟ್ ಮೇಲೆ ಹಳದಿ ಉಣ್ಣೆ

"ಇನ್ನೂ ಜೋರಾಗಿ," ಎಂದಳು ಇನ್ಸ್‌ಪೆಕ್ಟರ್.

ಗ್ಯಾರೇಜಿನ ಮೇಸ್ತ್ರಿ ಆಕ್ಸಿಲರೇಟರ್ ತುಳಿದ. ಬೂದು ಬಣ್ಣದ ಸ್ಪೋರ್ಟ್ಸ್ ಕಾರು ನೆಲಕ್ಕೆ ಅವುಚಿಕೊಂಡು ಮುಂದಕ್ಕೆ ನುಗ್ಗಿತು. ಬಳಕೆಯಲ್ಲಿಲ್ಲದ ಹಳೆಯ ರನ್‌ವೇ ಪಟ್ಟಿಯ ಬಿರುಕು ಬಿಟ್ಟ ಸಿಮೆಂಟು, ಬಿರುಕಿನಲ್ಲಿ ಎದ್ದ ಒಣಹುಲ್ಲು, ದೂರದ ತಂತಿಬೇಲಿ ಎಲ್ಲ ಕಲಸಿಕೊಂಡು ಹಿಂದಕ್ಕೆ ಹರಿದವು.

ಅವಳ ಕಣ್ಣು ಬಾನೆಟ್ ಮೇಲಿತ್ತು. ಬೆರಳುದ್ದದ ಹಳದಿ ಉಣ್ಣೆ ದಾರಗಳನ್ನು ಅದರ ತುಂಬ ಸಾಲಾಗಿ ಅಂಟಿಸಿದ್ದರು. ಪ್ರತಿಯೊಂದರ ಮುಂದಿನ ತುದಿಗೆ ಮಾತ್ರ ಟೇಪು, ಹಿಂದಿನ ತುದಿ ಗಾಳಿಗೆ ಬಿಟ್ಟದ್ದು. ಕಾರು ನಿಂತಿದ್ದಾಗ ಅವು ಸತ್ತ ಹುಳುಗಳಂತೆ ಅಡ್ಡಾದಿಡ್ಡಿ ಬಿದ್ದಿದ್ದವು. ಈಗ ಎಣ್ಣೆ ಹಚ್ಚಿ ಬಾಚಿದ ಕೂದಲಿನಂತೆ ನೆಟ್ಟಗೆ ಹಿಂದಕ್ಕೆ ಮಲಗಿದ್ದವು.

ಕೊನೆಯ ಸಾಲು ಮಾತ್ರ ಹಾಗಿರಲಿಲ್ಲ. ಬಾನೆಟ್ಟಿನ ಹಿಂದಿನ ಅಂಚಿಗೂ ಮುಂದಿನ ಗಾಜಿಗೂ ನಡುವೆ ಬೆರಳು ತೂರುವಷ್ಟು ಸಂದಿ ಇತ್ತು. ಆ ಸಾಲಿನ ದಾರಗಳು ಅಲ್ಲಿಗೆ ಬಂದು ನಡುಗಿದವು, ಬಾಗಿದವು.

"ಏನು ಕಾಣ್ತಿದೆ?" ಎಂದ ಮೇಸ್ತ್ರಿ.

"ನೀವೇ ನೋಡಿ."

"ನಾನು ರಸ್ತೆ ನೋಡ್ಲಾ, ದಾರ ನೋಡ್ಲಾ ಮೇಡಂ? ನೀವೇ ಹೇಳಿ. ಗಾಳಿ ಹೊರಗೆ ಬರ್ತಿದೆಯಾ, ಒಳಗೆ ಹೋಗ್ತಿದೆಯಾ?"

ಸುಳ್ಳು ಹೇಳಬಹುದಿತ್ತು. ಅವಳು ಈ ಮನುಷ್ಯನನ್ನು ಇಲ್ಲಿಗೆ ಕರೆತಂದದ್ದೇ ಅವನ ತಲೆಯ ಮೇಲಿನ ಭಾರ ಇಳಿಸಲು.

"ಒಳಗೆ," ಎಂದಳು.

ಎಂಜಿನ್ನಿನ ಮೊರೆತ ಇಳಿಯಿತು. ಕಾರು ತನ್ನಷ್ಟಕ್ಕೆ ಓಡಿ, ಸುಸ್ತಾಗಿ, ಪಟ್ಟಿಯ ನಡುವೆಯೇ ನಿಂತಿತು. ಮೇಸ್ತ್ರಿ ಸ್ಟೀರಿಂಗಿನ ಮೇಲೆ ಹಣೆ ಇಟ್ಟ.

ಮೂರು ವಾರಗಳ ಹಿಂದೆ ಇದೇ ಪಟ್ಟಿಯಲ್ಲಿ ಹೀಗೇ ದಾರ ಅಂಟಿಸಿ ಓಡಿಸುವಾಗ ಇದರ ಜೋಡಿ ಕೆಂಪು ಕಾರಿನ ಬಾನೆಟ್ ಹಾರಿ ಮುಂದಿನ ಗಾಜಿಗೆ ಬಡಿದು ಅವನ ತಮ್ಮ ಚಿಕ್ಕ ಸತ್ತಿದ್ದ. ಕೊಂದವನು ನಾನೇ ಎಂದು ಅಂದಿನಿಂದ ಮೇಸ್ತ್ರಿ ಠಾಣೆಯ ಬೆಂಚು ಬಿಟ್ಟು ಏಳುತ್ತಿರಲಿಲ್ಲ.

"ನಾನು ಹೇಳಿದ್ದೇ ಸರಿ ಆಯ್ತಲ್ಲ," ಎಂದ ಹಣೆ ಎತ್ತದೆ. "ನಾಳೆ ಬೆಳಿಗ್ಗೆ ಹೇಳಿಕೆಗೆ ಸಹಿ ಹಾಕ್ತೀನಿ. ಇನ್ನು ತಡೀಬೇಡಿ."

ಇಬ್ಬರೂ ಕೆಳಗಿಳಿದರು. ಬಿಸಿಲು ಇಳಿಮುಖವಾಗಿತ್ತು. ಮೇಸ್ತ್ರಿ ಬಾನೆಟ್ಟಿನ ಹಿಂದಿನ ಅಂಚಿನ ಮೇಲೆ ಅಂಗೈ ಹಿಡಿದ.

"ಇಲ್ಲಿ ಕೈ ಇಡಿ. ಬಿಸಿ ತಾಗುತ್ತಾ?"

ತಾಗಿತು. ಸಂದಿಯಿಂದ ಬಿಸಿಗಾಳಿ ಉಸಿರಿನಂತೆ ಮೇಲೇಳುತ್ತಿತ್ತು.

"ಗ್ಯಾರೇಜಲ್ಲಿ ನಿಲ್ಸಿ ನೋಡಿದಾಗ ದಿನಾ ಹೀಗೇ ತಾಗ್ತಿತ್ತು. ಎಂಜಿನ್ ಬಿಸಿ ಹೊರಗೆ ಹೋಗ್ತಿದೆ ಅಂತ ಖುಷಿಪಟ್ಟೆ. ಕೀಲಿನ ಕೆಳಗೆ ಎರಡೆರಡು ವಾಷರ್ ಕೊಟ್ಟು ಎರಡೂ ಕಾರಿನ ಬಾನೆಟ್ ಹಿಂದಿಂದ ಎತ್ತಿದೆ. ಊರೆಲ್ಲ ಮಾಡ್ತಾರೆ ಮೇಡಂ, ನಾನೊಬ್ಬನೇ ಅಲ್ಲ. ಚಿಕ್ಕ ಬೇಡ ಅಂದ. ಓಡೋವಾಗ ಗಾಜಿಗೆ ಬಡಿದ ಗಾಳಿ ಅಲ್ಲೇ ರಾಶಿ ಬೀಳುತ್ತೆ, ಸಿಕ್ಕಿದ ಸಂದಿಗೆ ನುಗ್ಗುತ್ತೆ, ಒಳಗಿಂದ ಬಾನೆಟ್‌ನ ಎತ್ತುತ್ತೆ ಅಂದ. ನಾನು ನಕ್ಕೆ." ಅವನು ಕೈ ತೆಗೆದ. "ಕಾರು ಓಡೋ ವಸ್ತು. ನಾನು ನಿಲ್ಲಿಸಿ ನೋಡ್ದೆ."

ಇನ್ಸ್‌ಪೆಕ್ಟರ್ ಬಾನೆಟ್ಟಿನ ನಡುಭಾಗವನ್ನು ಬೆರಳಿಂದ ಒತ್ತಿದಳು. ತೆಳುವಾದ ಫೈಬರ್, ಡಬ್ಬಿಯ ಮುಚ್ಚಳದಂತೆ ಒಳಹೋಗಿ ಮರಳಿತು.

"ಇದು ಇಲ್ಲಿ ಉಬ್ತಿತ್ತು. ವೇಗ ಹೆಚ್ಚಾದ ಹಾಗೆ ಮೇಲಕ್ಕೆ ಏಳ್ತಿತ್ತು. ನೀವು ಗಾಳಿ ಮೇಲಿಂದ ಒತ್ತುತ್ತೆ ಅಂದಿದ್ರಿ."

"ಆನೆ ಕೂತ ಹಾಗೆ ಕೂರುತ್ತೆ ಅಂತಿದ್ದೆ." ಮೇಸ್ತ್ರಿಯ ತುಟಿ ಸೊಟ್ಟಗಾಯಿತು. "ಬಂದ ಗಿರಾಕಿಗಳಿಗೆಲ್ಲ ಅದೇ ಮಾತು. ಮನೇಲಿ ಊಟಕ್ಕೆ ಕೂತಾಗಲೂ ಅದೇ ಜಗಳ. ಅಮ್ಮ ನನ್ನ ಕಡೆ. ಚಿಕ್ಕ ಒಂದು ಕಾಗದದ ಪಟ್ಟಿ ತುಟಿಗಿಟ್ಟು ಅದರ ಮೇಲೆ ಊದೋನು. ಕಾಗದ ಮೇಲೇಳೋದು. 'ನೋಡಣ್ಣ, ಮೇಲೆ ಗಾಳಿ ಜೋರಾಗಿ ಹೋದ್ರೆ ಮೇಲಕ್ಕೇ ಎಳೆಯುತ್ತೆ' ಅನ್ನೋನು. ಬಾನೆಟ್ ಏನು ಕಾಗದನೇನೋ ಅಂತ ಅಮ್ಮನೂ ನಗೋಳು."

ಪಟ್ಟಿಯ ಅಂಚಿನಲ್ಲಿ ವ್ಯಾನು ನಿಲ್ಲಿಸಿಕೊಂಡಿದ್ದ ಪೇಂಟರ್ ಇವರತ್ತ ನಡೆದುಬಂದ. ಗ್ಯಾರೇಜಿನಲ್ಲಿ ಅಣ್ಣತಮ್ಮಂದಿರ ಜೊತೆಗೆ ಮೂರನೆಯವನು. ಕಾರುಗಳಿಗೆ ಬಣ್ಣ ಹೊಡೆಯುವುದು ಅವನ ಕೆಲಸ. ಸಾವಾದ ದಿನ ಬೆಳಗಿನಿಂದ ಬಣ್ಣದ ಕೋಣೆಯಲ್ಲೇ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡಿದ್ದೆ ಎಂದು ಹೇಳಿಕೆ ಕೊಟ್ಟಿದ್ದ. ಇವತ್ತು ದಾರ ಅಂಟಿಸಲು ಯಾರಾದರೂ ಬೇಕು ಎಂದಾಗ ತಾನೇ ಮುಂದೆ ಬಂದಿದ್ದ.

"ಕಾರಿಗೂ ಸ್ವೆಟರ್ ಹಾಕ್ಸಿದ್ವಿ ನೋಡಿ ಮೇಡಂ, ಇನ್ನು ಅದಕ್ಕೆ ನೆಗಡಿ ಬರಲ್ಲ," ಎಂದ. ಯಾರೂ ನಗಲಿಲ್ಲ. ಅವನು ಸ್ವರ ಇಳಿಸಿ, "ಕಿತ್ತು ಹಾಕ್ಲಾ?" ಎಂದ.

"ಕೀಳಿ."

ಪೇಂಟರ್ ದಾರಗಳನ್ನು ಒಂದೊಂದಾಗಿ ಕಿತ್ತ. ಟೇಪಿನ ಒಂದು ಮೂಲೆಯನ್ನು ಹಿಡಿದು ಎಳೆದರೆ ಸಾಕು, ಬಣ್ಣಕ್ಕೆ ಗೀರೂ ಬೀಳದೆ ಬರುತ್ತಿತ್ತು. ಅಂಟಿಸುವಾಗಲೇ ಪ್ರತಿ ಟೇಪಿನ ಮೂಲೆಯನ್ನು ಪುಟ್ಟದಾಗಿ ಒಳಕ್ಕೆ ಮಡಚಿದ್ದ.

"ಇದೇನು, ಎಲ್ಲಕ್ಕೂ ಕಿವಿ ಇಟ್ಟಿದೀರಿ?"

"ನಮ್ಮ ಚಾಳಿ ಮೇಡಂ. ಕೀಳೋಕೆ ಹಿಡಿ ಬೇಕಲ್ಲ. ಉಗುರು ಹಾಕಿದ್ರೆ ಬಣ್ಣ ಹೋಗುತ್ತೆ. ಮೇಸ್ತ್ರಿ ಅಂಟಿಸಿದ ಟೇಪು ಕೀಳೋಕೆ ಒಂದು ದಿನ ಬೇಕು, ಉಳಿ ತಗೊಂಡು ಬರ್ಬೇಕು."



*

ಠಾಣೆಯ ಹಿತ್ತಿಲಿನ ತಗಡಿನ ಶೆಡ್ಡಿನಲ್ಲಿ ಕೆಂಪು ಕಾರು ಇತ್ತು. ಮೇಸ್ತ್ರಿ ಬಾಗಿಲಲ್ಲೇ ನಿಂತ. ಈ ಮೂರು ವಾರದಲ್ಲಿ ದಿನವೂ ಠಾಣೆಗೆ ಬಂದಿದ್ದ. ಒಂದು ದಿನವೂ ಈ ಕಡೆ ತಿರುಗಿರಲಿಲ್ಲ.

"ಒಳಗೆ ಬನ್ನಿ."

"ಆಗಲ್ಲ."

"ನಾಳೆ ಸಹಿ ಹಾಕ್ತೀನಿ ಅಂತೀರಿ. ಏನಕ್ಕೆ ಸಹಿ ಹಾಕ್ತೀರಿ ಅಂತ ನೋಡ್ಬೇಡ್ವಾ?"

"ನನಗೆ ಗೊತ್ತು ಏನಕ್ಕೆ ಅಂತ."

"ಗೊತ್ತಿಲ್ಲ. ನೋಡಿಲ್ಲ ನೀವು. ಗ್ಯಾರೇಜಲ್ಲಿ ನಿಲ್ಸಿ ನೋಡಿ ಗಾಳಿ ಬಗ್ಗೆ ತೀರ್ಮಾನ ಮಾಡಿದ ಹಾಗೇ ಇದು. ಬೆಂಚಿನ ಮೇಲೆ ಕೂತು ತಮ್ಮನ ಸಾವಿನ ಬಗ್ಗೆ ತೀರ್ಮಾನ ಮಾಡಿದೀರಿ."

ಮೇಸ್ತ್ರಿಯ ಮುಖ ಕಪ್ಪಿಟ್ಟಿತು. "ನಿಮಗೆ ತಮ್ಮ ಇದ್ದಾನಾ ಮೇಡಂ?"

"ಇಲ್ಲ."

"ಹಾಗಿದ್ರೆ ಬಾಯಿ ಮುಚ್ಕೊಂಡಿರಿ."

ಬಾಗಿಲ ಹೊರಗೆ ವ್ಯಾನಿಗೆ ಒರಗಿ ನಿಂತಿದ್ದ ಪೇಂಟರ್ ಬೆಚ್ಚಿ ನೋಡಿದ. ಇನ್ಸ್‌ಪೆಕ್ಟರ್ ಸಿಟ್ಟಾಗಲಿಲ್ಲ. ಈ ಮನುಷ್ಯನ ಬಾಯಿಂದ ಇಷ್ಟು ದಿನದಲ್ಲಿ ಬಂದ ಮೊದಲ ಜೀವಂತ ಮಾತು ಅದು.

"ಆಯ್ತು, ಮುಚ್ಕೊಳ್ತೀನಿ. ಒಂದು ಮಾತು ಹೇಳಿ ಮುಚ್ಕೊಳ್ತೀನಿ. ಅವನ ದಾರಗಳು ಇನ್ನೂ ಬಾನೆಟ್‌ಗೆ ಅಂಟ್ಕೊಂಡಿವೆ. ನಾಳೆ ನೀವು ಸಹಿ ಹಾಕಿದ ಮೇಲೆ ಇದನ್ನೆಲ್ಲ ಸೀಲ್ ಮಾಡ್ತಾರೆ. ಆಮೇಲೆ ನೋಡ್ತೀನಿ ಅಂದ್ರೂ ಯಾರೂ ಬಿಡಲ್ಲ."

ಮೇಸ್ತ್ರಿ ಹೊಸ್ತಿಲು ದಾಟಿದ.

ಮೊದಲು ಅವನು ಕಾರನ್ನು ನೋಡಲಿಲ್ಲ. ಗೋಡೆಗೆ ಒರಗಿಸಿದ್ದ ಬಾನೆಟ್ಟಿನ ಬಳಿ ಹೋಗಿ ಕುಕ್ಕರಗಾಲಲ್ಲಿ ಕುಳಿತ. ಅರ್ಧಕ್ಕೆ ಸೀಳಿದ ಕೆಂಪು ಫೈಬರ್. ಮೇಲೆ ಅಲ್ಲಲ್ಲಿ ಮಣ್ಣು ಮೆತ್ತಿದ ಹಳದಿ ದಾರಗಳು. ಒಂದನ್ನು ಬೆರಳ ತುದಿಯಿಂದ ಮುಟ್ಟಿದ, ಮಗುವಿನ ಹಣೆಯ ಕೂದಲು ಸರಿಸುವಂತೆ.

"ಅಮ್ಮನ ಉಣ್ಣೆ," ಎಂದ. "ಅವನಿಗೇ ಹೆಣೀತಿದ್ಲು ಸ್ವೆಟರ್. ಒಂದು ತೋಳು ಆಗಿತ್ತು."

ಇನ್ಸ್‌ಪೆಕ್ಟರ್ ಅವನ ಹೆಗಲ ಮೇಲಿಂದ ಬಾಗಿ ನೋಡಿದಳು. ಅವಳ ಕಣ್ಣು ಉಣ್ಣೆಯ ಮೇಲೆ ನಿಲ್ಲಲಿಲ್ಲ. ಟೇಪಿನ ಮೇಲೆ ನಿಂತಿತು. ಪ್ರತಿ ಟೇಪಿನ ಒಂದು ಮೂಲೆ ಪುಟ್ಟದಾಗಿ ಒಳಕ್ಕೆ ಮಡಚಿತ್ತು.

ಅವಳು ಬಾಗಿಲತ್ತ ನೋಡಲಿಲ್ಲ. ನೋಡಬೇಕೆನಿಸಿದ್ದನ್ನು ತಡೆದುಕೊಂಡಳು.

ಮೇಸ್ತ್ರಿ ಎದ್ದು ಈಗ ಕಾರಿನ ಹತ್ತಿರ ಬಂದಿದ್ದ. ಒಡೆದ ಗಾಜು, ಜಜ್ಜಿಹೋದ ಚಾವಣಿ. ಬಾನೆಟ್ ಹರಿದು ಹೋಗಿದ್ದರೂ ಅದರ ಎರಡು ಕೀಲುಗಳು ಕಾರಿಗೇ ಉಳಿದಿದ್ದವು. ಪ್ರತಿ ಕೀಲಿನ ತೋಳಿಗೆ ಅಂಗೈಯಷ್ಟು ಕೆಂಪು ಫೈಬರ್ ತುಂಡು ಇನ್ನೂ ಬೋಲ್ಟಿನಲ್ಲಿ ಕಚ್ಚಿಕೊಂಡಿತ್ತು. ಅವನು ಅದರ ಸುತ್ತ ಹೆಬ್ಬೆರಳು ಆಡಿಸಿದ. ನಿಲ್ಲಿಸಿದ. ಮತ್ತೆ ಆಡಿಸಿದ. ತುಂಡಿಗೂ ಕೀಲಿಗೂ ನಡುವೆ ಉಗುರು ತೂರಿಸಲು ನೋಡಿದ. ತೂರಲಿಲ್ಲ.

"ಬೆಳಕು ಹಿಡೀರಿ," ಎಂದ.

ಆ ಸ್ವರ ಬೇರೆಯಾಗಿತ್ತು. ಕೆಲಸದಲ್ಲಿ ಮುಳುಗಿದವನ ಸ್ವರ. ಇನ್ಸ್‌ಪೆಕ್ಟರ್ ಟಾರ್ಚ್ ಹಿಡಿದಳು. ಅವನು ಇನ್ನೊಂದು ಕೀಲನ್ನೂ ನೋಡಿದ.

"ವಾಷರ್ ಇಲ್ಲ."

"ಬಾನೆಟ್ ಕಿತ್ತು ಹೋಗೋವಾಗ ಬಿದ್ದಿರಬಹುದಲ್ವಾ?"

"ಬೋಲ್ಟ್ ಬಿಗಿಯಾಗಿದೆ ಮೇಡಂ. ಫೈಬರ್ ಹರಿದಿರೋದು, ಬೋಲ್ಟ್ ಸಡಿಲ ಆಗಿಲ್ಲ. ಬಿಗಿಯಾಗಿರೋ ಬೋಲ್ಟಿಂದ ವಾಷರ್ ಎಲ್ಲಿ ಬೀಳುತ್ತೆ? ಇದನ್ನ ಬಿಚ್ಚಿ, ವಾಷರ್ ತೆಗೆದು, ಮತ್ತೆ ಬಿಗಿ ಮಾಡಿದ್ದಾರೆ. ಬಾನೆಟ್ ಕೆಳಗೇ ಕೂತಿತ್ತು. ಸಂದಿ ಇರ್ಲಿಲ್ಲ."

ಇನ್ಸ್‌ಪೆಕ್ಟರ್ ಠಾಣೆಯೊಳಗಿನಿಂದ ಒಂದು ಚೀಲ ತಂದಳು. ಆಸ್ಪತ್ರೆಯವರು ಚಿಕ್ಕನ ಜೇಬಿನಿಂದ ತೆಗೆದುಕೊಟ್ಟದ್ದು: ಬಾಚಣಿಗೆ, ಕರವಸ್ತ್ರ, ಮನೆಯ ಕೀಲಿಕೈ, ತಳದಲ್ಲಿ ನಾಲ್ಕು ವಾಷರ್. ಮೆಕ್ಯಾನಿಕ್ಕಿನ ಜೇಬಿನಲ್ಲಿ ವಾಷರ್ ಇರುವುದೇನು ಹೊಸದು ಎಂದು ಇಷ್ಟು ದಿನ ಯಾರೂ ಅವುಗಳತ್ತ ಎರಡನೇ ಸಲ ನೋಡಿರಲಿಲ್ಲ.

ಮೇಸ್ತ್ರಿ ಅವನ್ನು ಅಂಗೈಗೆ ಸುರಿದುಕೊಂಡ. ನಾಲ್ಕಕ್ಕೂ ಒಂದು ಬದಿ ಚಪ್ಪಟೆಯಾಗಿ ಉಜ್ಜಿತ್ತು.

"ನಾನೇ ಅರ ಹಾಕಿದ್ದು. ದುಂಡಗಿದ್ರೆ ಕೀಲಿನ ಅಂಚಿಗೆ ತಾಗ್ತಿತ್ತು." ಒಂದನ್ನು ಬೆಳಕಿಗೆ ಹಿಡಿದ. "ತೆಗೆದುಬಿಟ್ಟಿದ್ದ. ಅವತ್ತೇ ತೆಗೆದಿದ್ದ."

"ಜೇಬಲ್ಲಿ ಯಾಕೆ ಇಟ್ಕೊಂಡ?"

ಮೇಸ್ತ್ರಿ ವಾಷರ್‌ಗಳನ್ನು ಅಂಗೈಯಲ್ಲಿ ಹೊರಳಿಸಿದ.

"ಟ್ರೇಗೆ ಹಾಕಿದ್ರೆ ನನ್ನ ಕಣ್ಣಿಗೆ ಬೀಳೋದು. ಅವತ್ತು ನಾನು ಸಾಮಾನು ತರೋಕೆ ಪಕ್ಕದ ಊರಿಗೆ ಹೋಗಿದ್ದೆ. ಬರೋ ಮುಂಚೆ ಮತ್ತೆ ಹಾಕಿಬಿಡೋನು. ಏನೂ ಆಗದ ಹಾಗೆ ಇರೋನು." ಮಾತು ಮುರಿಯಿತು. "ಅದಕ್ಕೆ ಸ್ವಲ್ಪ ದಿನ ಮುಂಚೆ ಒಬ್ಬ ಗಿರಾಕಿ ಬಾನೆಟ್ ಮೇಲೆ ಗಾಳಿ ಹಿಡಿಯೋ ದೊಡ್ಡ ಗೂಡು ಹಾಕಿ ಅಂತ ಬಂದಿದ್ದ. ಚಿಕ್ಕ ಅವನ ಮುಂದೇನೇ ಹೇಳ್ದ, ಅದು ಬರೀ ಶೋಕಿ, ಒಳಗೆ ತೂತೇ ಇರಲ್ಲ, ಅದರಿಂದ ಕಾರು ಓಡಲ್ಲ ಅಂತ. ನಾನು ಎಲ್ಲರ ಮುಂದೆ ಕೂಗಾಡ್ದೆ. ಅಂಗಡಿ ಮುಚ್ಚಿಸೋಕೆ ಹುಟ್ಟಿದೀಯಾ ಅಂದೆ. ಆವತ್ತಿಂದ ಅವನು ನನಗೆ ಎದುರು ಮಾತಾಡ್ತಿರ್ಲಿಲ್ಲ. ಅಣ್ಣನ ಮರ್ಯಾದೆ ಹೋಗಬಾರ್ದು ಅಂತ... ಕದ್ದು ಸರಿ ಮಾಡಿ, ಕದ್ದು ವಾಪಸ್ ಹಾಕೋಕೆ ನೋಡಿದಾನೆ."

ಅವನು ವಾಷರ್‌ಗಳನ್ನು ಮುಷ್ಟಿಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡು ಅತ್ತ. ಇನ್ಸ್‌ಪೆಕ್ಟರ್ ಟಾರ್ಚ್ ಆರಿಸಿ ಕಾದಳು. ಅಳು ಇಳಿದ ಮೇಲೆ ಅವನೇ ಕೇಳಿದ:

"ಹಾಗಿದ್ರೆ ಯಾಕೆ ಹಾರಿತು?"

ಕಾರಿನ ಮುಂಭಾಗಕ್ಕೆ ಬಂದ. ಮೂಲ ಬೀಗ ತೆಗೆದು ಬಾನೆಟ್ ಹಿಡಿಯಲು ಎರಡು ಉಕ್ಕಿನ ಗೂಟ ಇಟ್ಟಿದ್ದರು. ಬಾನೆಟ್ಟಿನ ತೂತುಗಳಿಂದ ಗೂಟದ ತಲೆ ಮೇಲೆ ಬರುತ್ತದೆ, ಅದಕ್ಕೆ ಅಡ್ಡಲಾಗಿ ಪಿನ್ನು ತೂರಿಸಬೇಕು. ಗೂಟಗಳು ನೆಟ್ಟಗಿದ್ದವು. ಬಾನೆಟ್ಟಿನ ತೂತುಗಳು ದುಂಡಗಿದ್ದವು, ಹರಿದಿರಲಿಲ್ಲ.

"ಪಿನ್ನುಗಳು ಎಲ್ಲಿ?"

"ಸಿಗಲಿಲ್ಲ. ಹಾರಿ ಹೋಗಿರಬೇಕು ಅಂತ ಬರೆದಿದಾರೆ."

"ಪಿನ್ನು ಹಾಕಿದ್ದು ಬಾನೆಟ್ ಎದ್ದಿದ್ರೆ ಈ ತೂತು ಬಾಯಿ ಬಿಡ್ಬೇಕಿತ್ತು. ಗೂಟ ಬಾಗ್ಬೇಕಿತ್ತು. ಪಿನ್ನು ಹಾಕೇ ಇರ್ಲಿಲ್ಲ ಮೇಡಂ." ತಲೆ ಅಡ್ಡ ಆಡಿಸಿದ. "ಸಾಧ್ಯಾನೇ ಇಲ್ಲ. ಅಪ್ಪ ಮಾಡಿದ ನಿಯಮ ಇದೆ ನಮ್ಮಲ್ಲಿ. ಬಾನೆಟ್ ತೆಗೆದವನು ಪಿನ್ನು ತಾನು ಇಟ್ಕೋಬಾರ್ದು, ಕೆಳಗೂ ಇಡಬಾರ್ದು. ಇನ್ನೊಬ್ಬರ ಕೈಗೆ ಕೊಡ್ಬೇಕು. ಸ್ಟಾರ್ಟ್ ಮಾಡೋ ಮುಂಚೆ 'ಕೈ ಖಾಲೀನಾ' ಅಂತ ಕೇಳ್ಬೇಕು. ಖಾಲಿ, ಅಂದ್ರೆ ಪಿನ್ನು ಬಾನೆಟ್‌ಗೆ ವಾಪಸ್ ಹೋಯ್ತು ಅಂತ ಉತ್ತರ ಬಂದ್ರೇನೇ ಕೀಲಿ ತಿರುಗ್ಸೋದು. ಒಬ್ಬನೇ ಇದ್ರೆ ಬಾನೆಟ್ ಮುಟ್ಟಲೇಬಾರ್ದು. ಚಿಕ್ಕ ಹತ್ತು ವರ್ಷದವನಿದ್ದಾಗಿಂದ ಅದನ್ನ ಮುರಿದಿಲ್ಲ."

"ಅವತ್ತು ವಾಷರ್ ತೆಗೆಯೋಕೆ ಬಾನೆಟ್ ಎತ್ತಲೇಬೇಕಿತ್ತು."

"ಹೂಂ."

"ಅಂದ್ರೆ ಪಿನ್ನು ಯಾರದೋ ಕೈಲಿತ್ತು."

"ಅವನು ಒಬ್ಬನೇ ಇದ್ದ ಅಂತ ಎಲ್ರೂ ಹೇಳಿದ್ರಲ್ಲ ಮೇಡಂ."

"ನೀವು ಈಗ ಗಾಡಿ ಓಡಿಸ್ತಾ ದಾರ ನೋಡಿದ್ರಾ?"

ಮೇಸ್ತ್ರಿ ಖಾಲಿ ಗೂಟಗಳತ್ತ ನೋಡಿದ. ಓಡಿಸುವವನು ದಾರ ನೋಡಲಾರ. ಪಕ್ಕದಲ್ಲೋ ಪಟ್ಟಿಯ ಅಂಚಿನಲ್ಲೋ ನೋಡುವ ಕಣ್ಣು ಬೇಕು.

"ಯಾರು?" ಎಂದ ಪಿಸುದನಿಯಲ್ಲಿ.

"ಮೊದಲು ನಿಮ್ಮ ಅಮ್ಮನಿಗೆ ವಾಷರ್ ವಿಷಯ ಹೇಳೋಣ," ಎಂದಳು ಇನ್ಸ್‌ಪೆಕ್ಟರ್, ಬಾಗಿಲ ಹೊರಗೆ ಕೇಳುವಷ್ಟು ಗಟ್ಟಿಯಾಗಿ. "ನಿಮ್ಮ ತಪ್ಪಲ್ಲ ಅಂತ ಗೊತ್ತಾದ್ರೆ ಅವರು ಮೌನ ಬಿಟ್ಟು ಮಾತಾಡಬಹುದು."

*

ವ್ಯಾನಿನಲ್ಲಿ ಥಿನ್ನರಿನ ವಾಸನೆ ಇತ್ತು. ಪೇಂಟರ್ ಓಡಿಸಿದ, ದಾರಿಯುದ್ದಕ್ಕೂ ಅವನೇ ಮಾತಾಡಿದ. ತಾಯಿಗೆ ದಿನವೂ ಬ್ರೆಡ್ಡು, ಹಾಲು ತಾನೇ ತಂದುಕೊಡುವುದು. ಆಕೆ ಮುಟ್ಟುವುದಿಲ್ಲ, ಆದರೂ ತರುವುದು. ಚಿಕ್ಕ ತನಗೂ ತಮ್ಮನೇ.

"ನನ್ನ ಕೈಯಿಂದಲೂ ತಿನ್ನಲ್ಲ," ಎಂದ ಮೇಸ್ತ್ರಿ ಕಿಟಕಿಯಾಚೆ ನೋಡುತ್ತ. "ಅವತ್ತಿಂದ ಒಂದು ಮಾತಾಡಿಲ್ಲ. ಅಳೂ ಇಲ್ಲ. ಬೈದಿದ್ರೆ ಸಾಕಿತ್ತು."

"ಏನು ಹೇಳೋಕೆ ಹೋಗ್ತಿದೀವಿ ಈಗ?" ಪೇಂಟರ್ ಕನ್ನಡಿಯಲ್ಲಿ ಇನ್ಸ್‌ಪೆಕ್ಟರನ್ನು ನೋಡಿದ.

"ಒಳ್ಳೇ ಸುದ್ದಿ," ಎಂದಳು ಅವಳು.

ಮನೆಯ ಮುಂದೆ ಜಾಗವಿರಲಿಲ್ಲ. "ನೀವು ಹತ್ತಿ, ಗಾಡಿ ನಿಲ್ಸಿ, ಬ್ರೆಡ್ ತಗೊಂಡು ಬರ್ತೀನಿ," ಎಂದು ಅವನು ಮುಂದೆ ಹೋದ.

ಕಿರಿದಾದ ಮೆಟ್ಟಿಲ ಮೇಲಿನ ಎರಡು ಕೋಣೆಯ ಮನೆ. ತಾಯಿ ಕಿಟಕಿಯ ಬಳಿಯ ಕುರ್ಚಿಯಲ್ಲಿದ್ದಳು. ಹಿಂದಿನ ಸಲ ಇನ್ಸ್‌ಪೆಕ್ಟರ್ ಬಂದಾಗ ಮಡಿಲಲ್ಲಿ ಅರ್ಧ ಹೆಣೆದ ಸ್ವೆಟರಿತ್ತು, ಒಂದು ತೋಳಿನದು. ಇವತ್ತು ತೋಳೂ ಇರಲಿಲ್ಲ. ದಿನದಿನವೂ ಬಿಚ್ಚಿ ಬಿಚ್ಚಿ ಸುತ್ತಿ, ಎರಡು ಕೈಗೂ ತುಂಬುವಂಥ ಹಳದಿ ಉಂಡೆಯೊಂದು ಉಳಿದಿತ್ತು. ಬಿಚ್ಚಿದ ಉಣ್ಣೆ ಇನ್ನೂ ಹೆಣಿಗೆಯ ಸುರುಳಿಗಳನ್ನು ಮರೆತಿರಲಿಲ್ಲ.

ಮೇಸ್ತ್ರಿ ಅವಳ ಕಾಲ ಬಳಿ ಕುಳಿತು ವಾಷರ್‌ಗಳನ್ನು ಒಂದೊಂದಾಗಿ ನೆಲದ ಮೇಲೆ ಇಟ್ಟ.

"ಅಮ್ಮಾ, ಇದು ನೋಡು. ಚಿಕ್ಕ ತೆಗೆದುಬಿಟ್ಟಿದ್ದ. ಬಾನೆಟ್ ಹಾರಿದ್ದು ಇದರಿಂದ ಅಲ್ಲ. ನಾನಲ್ಲಮ್ಮ." ಅವನ ಸ್ವರ ಶಾಲೆಯಿಂದ ಓಡಿಬಂದ ಹುಡುಗನದಾಗಿತ್ತು. "ಇವತ್ತು ಮೊದಲ ಸಲ ಗೊತ್ತಾಯ್ತು. ನಾನಲ್ಲ. ಇನ್ನಾದ್ರೂ ನನ್ನ ಮುಖ ನೋಡು."

ತಾಯಿ ಅವನ ಮುಖ ನೋಡಿದಳು. ಆ ನೋಟದಲ್ಲಿ ಇನ್ಸ್‌ಪೆಕ್ಟರ್ ಕೋಪ ಹುಡುಕಿದಳು, ಸಿಗಲಿಲ್ಲ. ಇದ್ದದ್ದು ಬೇರೆ ಏನೋ. ಸಿಕ್ಕಿಬಿದ್ದವರ ಕಣ್ಣಿನಲ್ಲಿ ಅವಳು ಅದನ್ನು ಎಷ್ಟೋ ಸಲ ನೋಡಿದ್ದಳು.

"ಪಿನ್ನು ಹಾಕದೇ ಹೋಗಿದಾನಂತೆ," ಎಂದ ಮೇಸ್ತ್ರಿ. "ಯಾರದೋ ಕೈಲಿತ್ತಂತೆ. ಅದು ಯಾರು ಅಂತ..."

ತಾಯಿ ಉಂಡೆಯ ತುದಿ ಹುಡುಕಿ ಎಳೆದಳು. ಉಣ್ಣೆ ಬಿಚ್ಚಿಕೊಳ್ಳತೊಡಗಿತು. ಮಡಿಲಿಗೆ, ಮಡಿಲಿಂದ ನೆಲಕ್ಕೆ, ವಾಷರ್‌ಗಳ ಮೇಲೆ, ಮೇಸ್ತ್ರಿಯ ಮಂಡಿಯ ಮೇಲೆ. ಅವಳು ಅವಸರ ಮಾಡಲಿಲ್ಲ. ಉಂಡೆ ಕಿತ್ತಳೆಯಷ್ಟಾಯಿತು, ನಿಂಬೆಯಷ್ಟಾಯಿತು, ಕೊನೆಗೆ ಅವಳ ಅಂಗೈಯಲ್ಲಿ ಒಂದು ಉಕ್ಕಿನ ಪಿನ್ನು ಉಳಿಯಿತು. ಅದರ ಬಳೆಗೆ ಕಟ್ಟಿದ್ದ ಕೆಂಪು ದಾರ ಎಣ್ಣೆಯಿಂದ ಕಪ್ಪಾಗಿತ್ತು.

ಇನ್ಸ್‌ಪೆಕ್ಟರ್ ಒಂದು ಹೆಜ್ಜೆ ಮುಂದಿಟ್ಟಳು. ಮೇಸ್ತ್ರಿ ಅದಕ್ಕಿಂತ ಮೊದಲು ಎರಡೂ ಕೈಯಿಂದ ತಾಯಿಯ ಮುಷ್ಟಿಯನ್ನು ಮುಚ್ಚಿ, ಬೆನ್ನು ಅಡ್ಡ ಕೊಟ್ಟು ಕುಳಿತ.

"ಪೆನ್ ಕೊಡಿ ಮೇಡಂ."

"ಏನು?"

"ಸಹಿ ಹಾಕ್ತೀನಿ. ಇಲ್ಲೇ ಹಾಕ್ತೀನಿ. ವಾಷರ್ ಹಾಕಿದ್ದು ನಾನು, ಕೊಂದಿದ್ದು ನಾನು."

"ಈಗ ತಾನೇ ಇಬ್ರೂ ನೋಡಿದ್ವಲ್ಲ..."

"ನಾನು ಏನೂ ನೋಡಿಲ್ಲ. ನೀವೂ ನೋಡಿಲ್ಲ." ಅವನು ತಿರುಗಲೇ ಇಲ್ಲ. "ಅರ್ಧ ಗಂಟೆ ಹಗುರ ಇದ್ದೆ. ನನಗೆ ಸಾಕು. ಪೆನ್ ಕೊಡಿ."

"ಬಿಡೋ ಕೈ."

ಮೂರು ವಾರ ಬಳಸದ ಸ್ವರ, ತುಕ್ಕು ಹಿಡಿದ ಕೀಲಿನಂತೆ ಕಿರುಗುಟ್ಟಿತು.

"ದೊಡ್ಡೋನೆ, ನೋಯುತ್ತೆ. ಬಿಡು."

ಅವನು ಬಿಟ್ಟ. ತಾಯಿ ಪಿನ್ನನ್ನು ಮುಚ್ಚಿಡಲಿಲ್ಲ. ತೆರೆದ ಅಂಗೈಯಲ್ಲೇ ಇಟ್ಟುಕೊಂಡು ಅದಕ್ಕೇ ಹೇಳುವಂತೆ ಹೇಳಿದಳು.

"ದಾರ ನೋಡೋಕೆ ಬಾಮ್ಮ, ನಿನ್ನ ಕಣ್ಣು ಚುರುಕು ಅಂದ. ಪಟ್ಟಿ ಪಕ್ಕ ಸ್ಟೂಲ್ ಹಾಕಿ ಕೂರಿಸಿದ. ಅಣ್ಣನ ವಾಷರ್ ತೆಗೆದು ಇನ್ನೊಂದ್ಸಲ ನೋಡೋಣ ಅಂತ ಬಾನೆಟ್ ಎತ್ತಿದಾಗ ಇದನ್ನ ನನ್ನ ಕೈಗೆ ಕೊಟ್ಟ. ನಾನು ಉಣ್ಣೆ ಕತ್ತರಿಸ್ತಾ ಬೆರಳಿಗೆ ಸಿಕ್ಕಿಸ್ಕೊಂಡಿದ್ದೆ. ಗಾಡಿ ಹೊರಟ ಮೇಲೆ ನೋಡ್ಕೊಂಡೆ. ಬೆರಳಲ್ಲೇ ಇದೆ."

ಅವಳು ಪಿನ್ನಿನ ಬಳೆಯನ್ನು ಬೆರಳಿಗೆ ಸಿಕ್ಕಿಸಿ ತೆಗೆದಳು.

"ಕೂಗೋಣ ಅಂದ್ಕೊಂಡೆ. ಬಾಯಿಗೆ ಬಂದಿತ್ತು. ಆಮೇಲೆ, ಜೋರಾಗಿ ಹೋದ್ರೆ ಗಾಳೀನೇ ಒತ್ತಿ ಹಿಡಿಯುತ್ತಲ್ಲ ಅಂದ್ಕೊಂಡೆ. ಆನೆ ಕೂತ ಹಾಗೆ. ದೊಡ್ಡೋನು ದಿನಾ ಹೇಳ್ತಾನಲ್ಲ. ಅದಕ್ಕೆ ಕೂಗ್ಲಿಲ್ಲ."

ಮೇಸ್ತ್ರಿ ಅಲ್ಲಾಡಲಿಲ್ಲ. ಅವನ ಮಂಡಿಯ ಮೇಲೆ ಹಳದಿ ಉಣ್ಣೆ ರಾಶಿ ಬಿದ್ದಿತ್ತು. ಅವನು ಅದನ್ನು ಸರಿಸಲೂ ಇಲ್ಲ.

ಇನ್ಸ್‌ಪೆಕ್ಟರ್ ಕುರ್ಚಿಯ ಪಕ್ಕ ಮಂಡಿಯೂರಿದಳು. ಕೇಳಬಾರದ ಹೊತ್ತು ಎಂದು ಗೊತ್ತಿತ್ತು. ಈಗ ಕೇಳದಿದ್ದರೆ ಈ ಬಾಯಿ ಮತ್ತೆ ತೆರೆಯದು ಎಂದೂ ಗೊತ್ತಿತ್ತು.

"ಅಮ್ಮಾ. ಬಾನೆಟ್‌ಗೆ ಎರಡು ಪಿನ್ನು. ಇನ್ನೊಂದು?"

"ಅದು ನನ್ನ ಹತ್ರ ಇರ್ಲಿಲ್ಲ."

"ಮತ್ತೆ?"

"ನಾವು ಮೂರು ಜನ ಇದ್ವಿ." ತಾಯಿ ಮೊದಲ ಬಾರಿಗೆ ಇನ್ಸ್‌ಪೆಕ್ಟರ್ ಕಣ್ಣು ನೋಡಿದಳು. "ಚಿಕ್ಕ ಒಳಗೆ ಕೂತು ಕೇಳ್ದ, ಕೈ ಖಾಲೀನಾ ಅಂತ. ನಾನು ಬಾಯಿ ತೆಗೆಯೋ ಮೊದಲೇ ಇನ್ನೊಂದು ಪಿನ್ನು ಹಿಡ್ಕೊಂಡಿದ್ದೋನು ಹೇಳಿಬಿಟ್ಟ. ಇಬ್ಬರದೂ ಖಾಲಿ, ಹೊರಡು ಅಂದ. ನನ್ನ ಬೆರಳು ನೋಡ್ತಾನೇ ಅಂದ. ಆಮೇಲೆ ನನ್ನನ್ನ ಮನೆಗೆ ತಂದು ಬಿಟ್ಟವನೂ ಅವನೇ. ಯಾರಾದ್ರೂ ಕೇಳಿದ್ರೆ, ಮಗನ್ನ ಕೊಂದೋಳು ನೀನೇ ಅಂತ ಗೊತ್ತಾಗುತ್ತೆ, ಮಾತಾಡ್ಬೇಡ ಅಂದ."

"ಯಾರಮ್ಮ?" ಎಂದ ಮೇಸ್ತ್ರಿ.

ಕೆಳಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಹಗುರವಾಗಿ, ಮನೆಯವನಂತೆ, ಎರಡೆರಡು ಮೆಟ್ಟಿಲು ಹಾರಿ ಬರುವ ಹೆಜ್ಜೆ.

"ಅಮ್ಮಾ, ಬ್ರೆಡ್ ಬಿಸಿ ಇದೆ!" ಪೇಂಟರ್‌ನ ಸ್ವರ. "ಇವತ್ತಾದ್ರೂ ತಿನ್ಬೇಕು ನೀವು!"

ತಾಯಿಯ ಬಾಯಿ ಮುಚ್ಚಿತು. ಅವಳು ಬಾಗಿ, ನೆಲದ ಮೇಲಿನ ಉಣ್ಣೆಯನ್ನು ಎರಡೂ ಕೈಯಿಂದ ಬಾಚಿ, ಪಿನ್ನಿನ ಸುತ್ತ ಬೇಗ ಬೇಗ ಸುತ್ತತೊಡಗಿದಳು. ಬಾಗಿಲ ಆಚೆ ಚಪ್ಪಲಿ ಬಿಡುವ ಸದ್ದು ಕೇಳಿಸಿತು. ಮೊದಲು ಒಂದು, ಆಮೇಲೆ ಇನ್ನೊಂದು.